ಬ್ರೌಸರ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕಿ, ಸರಿಪಡಿಸಿ, ಬೇಕಾದರೆ ಬದಲಿಸಿ

ಬ್ರೌಸರ್ ಕೆಟ್ಟಿತು ಅಂದ ಕೂಡಲೇ ಬಹಳ ಜನ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆ ಹೋಗುತ್ತದೆ. ತೊಂದರೆ ಮಾತ್ರ ಹಾಗೇ ಕೂತಿರುತ್ತದೆ. ಕಾರಣ ಇಷ್ಟೇ: ಬದಲಾಗಿದ್ದು ಪ್ರೋಗ್ರಾಮ್, ಕೆಟ್ಟಿದ್ದದ್ದು ಪ್ರೊಫೈಲ್. ಮನೆಗೆ ಸುಣ್ಣ ಹೊಡೆಸಿದರೆ ಮಂಚದ ಸಂದಿನ ತಿಗಣೆ ಹೋಗುತ್ತದಾ?

ಪ್ರೊಫೈಲ್ ಅಂದರೆ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ, ಕುಕಿ, ಎಕ್ಸ್‌ಟೆನ್ಶನ್, ಸೆಟ್ಟಿಂಗ್ಸ್ ಎಲ್ಲ ಇರುವ ಒಂದು ಫೋಲ್ಡರ್. ಕುಕಿ ಅಂದರೆ ಸೈಟುಗಳು ನಿಮ್ಮನ್ನು ಗುರುತಿಟ್ಟುಕೊಳ್ಳಲು ಬ್ರೌಸರಿನಲ್ಲಿ ಬಿಡುವ ಚೀಟಿ, ಎಕ್ಸ್‌ಟೆನ್ಶನ್ ಅಂದರೆ ಬ್ರೌಸರಿಗೆ ನೀವು ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್. ಈ ಫೋಲ್ಡರ್ ಬ್ರೌಸರ್ ಪ್ರೋಗ್ರಾಮಿನಿಂದ ಬೇರೆ ಜಾಗದಲ್ಲಿ ಇರುತ್ತದೆ. ಅನ್‌ಇನ್‌ಸ್ಟಾಲ್ ಮಾಡುವಾಗ 'ನನ್ನ ಡೇಟಾ ಕೂಡ ಅಳಿಸು' ಎಂದು ನೀವೇ ಟಿಕ್ ಮಾಡದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಹೊಸ ಬ್ರೌಸರ್ ಬಂದು ಅದೇ ಹಳೇ ಫೋಲ್ಡರನ್ನು ಎತ್ತಿಕೊಳ್ಳುತ್ತದೆ.

ಹಾಗಾಗಿ ದೋಷ ನಾಲ್ಕು ಕಡೆ ಇರಬಹುದು: ವೆಬ್‌ಸೈಟಿನಲ್ಲೇ, ನಿಮ್ಮ ಕಂಪ್ಯೂಟರ್ ಅಥವಾ ನೆಟ್‌ವರ್ಕಿನಲ್ಲಿ, ಪ್ರೊಫೈಲ್‌ನಲ್ಲಿ, ಕೊನೆಗೆ ಪ್ರೋಗ್ರಾಮಿನಲ್ಲಿ. ಪ್ರೋಗ್ರಾಮಿನ ಸರದಿ ಬರುವುದು ಅಪರೂಪ. ಎಲ್ಲಿದೆ ಎಂದು ಗೊತ್ತಾದ ಮೇಲೆ ರಿಪೇರಿ ಸುಲಭ. ಗೊತ್ತಾಗುವ ಮುಂಚೆ ಮಾಡುವ ರಿಪೇರಿಯಲ್ಲಿ ಪಾಸ್‌ವರ್ಡ್ ಕಳೆದುಕೊಳ್ಳುವವರೇ ಜಾಸ್ತಿ.

ಮೊದಲ ಹಂತ: ಯಾವ ಕಡೆ ಎಂದು ಗುರುತಿಸಿ

ಬೇರೆ ಒಂದು ಸೈಟ್ ತೆರೆದು ನೋಡಿ. ಒಂದೇ ಸೈಟ್ ಸತಾಯಿಸುತ್ತಿದ್ದರೆ, ಅದನ್ನು ಫೋನಿನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಅಲ್ಲೂ ಬರಲಿಲ್ಲವಾದರೆ ತಪ್ಪು ಆ ಸೈಟಿನದ್ದೇ ಇರಬೇಕು. 502, 503, 504 ಎಂಬ ಸಂಖ್ಯೆ ಕಾಣಿಸಿದರೂ ಅಷ್ಟೇ, ಅವರ ಸರ್ವರ್ ಮಲಗಿದೆ, ನೀವು ಮಾಡುವಂಥದ್ದು ಏನೂ ಇಲ್ಲ. 403 ಬಂದರೆ ಸೈಟ್ ನಿಮ್ಮನ್ನು ಒಳಗೆ ಬಿಡುತ್ತಿಲ್ಲ. ವಿಪಿಎನ್, ಅಂದರೆ ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ಸೇವೆ, ಹಾಕಿಕೊಂಡಿದ್ದರೆ ಆಫ್ ಮಾಡಿ ನೋಡಿ.

ಯಾವ ಸೈಟೂ ಬರುತ್ತಿಲ್ಲವಾದರೆ ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಬ್ರೌಸರ್ ತೆರೆಯಿರಿ. ಎರಡರಲ್ಲೂ ಒಂದೇ ಕಥೆ ಆದರೆ ಬ್ರೌಸರನ್ನು ಬೈಯುವುದು ಬಿಟ್ಟು ನೆಟ್‌ವರ್ಕ್ ಕಡೆ ಹೋಗಿ. ಒಂದರಲ್ಲಿ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ ಅಂದರೆ ಹುಡುಕಾಟ ಬ್ರೌಸರಿನ ಒಳಗೆ.

ಇನ್ನೊಂದು ಮಾತು: ಪರದೆಯ ಮೇಲೆ ಬಂದ ಎರರ್ ಸಂದೇಶವನ್ನು ಓದಿ. ಸುಮ್ನೆ ಮುಚ್ಚಿಬಿಡುವ ಅಭ್ಯಾಸ ಎಲ್ಲರಿಗೂ ಇದೆ. ಅದರಲ್ಲಿ ಬರುವ ಒಂದು ಪದ ಸಾಕು, ಅರ್ಧ ಉತ್ತರ ಅಲ್ಲೇ ಇರುತ್ತದೆ.

'ಸರ್ಟಿಫಿಕೇಟ್' ಅಥವಾ 'ನಿಮ್ಮ ಸಂಪರ್ಕ ಖಾಸಗಿಯಲ್ಲ' ಎಂದಿದ್ದರೆ ಮೊದಲು ಕಂಪ್ಯೂಟರಿನ ಗಡಿಯಾರ ನೋಡಿ. ಸರ್ಟಿಫಿಕೇಟ್ ಅಂದರೆ ಸೈಟಿನ ಗುರುತಿನ ಚೀಟಿ. ಪ್ರತಿ ಸುರಕ್ಷಿತ ಸೈಟಿನ ಸರ್ಟಿಫಿಕೇಟಿಗೂ ಶುರು ಮತ್ತು ಕೊನೆಯ ದಿನಾಂಕ ಇರುತ್ತದೆ. ಕಂಪ್ಯೂಟರ್ ತಾನು ಹತ್ತು ವರ್ಷ ಹಿಂದೆ ಇದ್ದೇನೆ ಅಂದುಕೊಂಡರೆ ಎಲ್ಲ ಸರ್ಟಿಫಿಕೇಟೂ ಅದಕ್ಕೆ ಸುಳ್ಳಾಗಿ ಕಾಣುತ್ತದೆ. ಹಳೇ ಡೆಸ್ಕ್‌ಟಾಪಿನಲ್ಲಿ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ತಾರೀಖು ತಪ್ಪುತ್ತಿದ್ದರೆ ಮದರ್‌ಬೋರ್ಡಿನ ಬಟನ್ ಸೆಲ್ ಮುಗಿದಿದೆ. ಗಡಿಯಾರ ಸರಿಯಿದ್ದು ಒಂದೇ ಸೈಟಿನಲ್ಲಿ ಈ ಎಚ್ಚರಿಕೆ ಬಂದರೆ ಒಳಗೆ ಹೋಗಬೇಡಿ. ದುಡ್ಡಿನ ವ್ಯವಹಾರದ ಸೈಟ್ ಆದರಂತೂ ಬೇಡವೇ ಬೇಡ. ಗಡಿಯಾರ ಸರಿಯಿದ್ದರೂ ಎಲ್ಲ ಸೈಟಿಗೂ ಬಂದರೆ ಆಂಟಿವೈರಸ್ ಮೇಲೆ ಅನುಮಾನಪಡಿ. ಕೆಲವು ಆಂಟಿವೈರಸ್‌ಗಳು ಸುರಕ್ಷಿತ ಸಂಪರ್ಕದ ಮಧ್ಯೆ ತಮ್ಮದೇ ಸರ್ಟಿಫಿಕೇಟ್ ತೂರಿಸಿ ತಪಾಸಣೆ ಮಾಡುತ್ತವೆ. ಆ ಸೌಲಭ್ಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ.

'ಡಿಎನ್ಎಸ್' ಎಂದಿದ್ದರೆ ಸೈಟಿನ ಹೆಸರಿಗೆ ವಿಳಾಸ ಸಿಗುತ್ತಿಲ್ಲ. ಟೈಪ್ ಮಾಡಿದ ಹೆಸರು ಸರಿಯಿದೆಯಾ ನೋಡಿ, ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಬ್ರೌಸರಿನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ 'ಸೆಕ್ಯೂರ್ ಡಿಎನ್ಎಸ್' ಇರುತ್ತದೆ, ಅದನ್ನು ಆಫ್ ಮಾಡಿ ಅಥವಾ ಬೇರೆ ಸೇವೆಗೆ ಬದಲಿಸಿ ನೋಡಿ.

'ಪ್ರಾಕ್ಸಿ', ಅಂದರೆ ಮಧ್ಯವರ್ತಿ ಸರ್ವರ್, ಎಂದಿದ್ದರೆ ಹೆಚ್ಚಾಗಿ ಯಾವುದೋ ವಿಪಿಎನ್ ಅಥವಾ ಉಚಿತ ಸಾಫ್ಟ್‌ವೇರ್ ಹೋಗುವಾಗ ತನ್ನ ಸೆಟ್ಟಿಂಗ್ ಬಿಟ್ಟು ಹೋಗಿದೆ. ಸಿಸ್ಟಮ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪ್ರಾಕ್ಸಿ ಆಫ್ ಮಾಡಿ. ನೀವು ಹಾಕದ ಪ್ರಾಕ್ಸಿ ಮತ್ತೆ ಮತ್ತೆ ಬಂದು ಕೂರುತ್ತಿದ್ದರೆ ಅದು ಮಾಲ್‌ವೇರ್ ಇರಬಹುದು, ಕಂಪ್ಯೂಟರ್ ಪೂರ್ತಿ ಸ್ಕ್ಯಾನ್ ಮಾಡಿ.

ಒಂದೇ ಸೈಟ್ ಕೆಟ್ಟಿದ್ದರೆ

ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಕಂಟ್ರೋಲ್ ಬದಲು ಕಮಾಂಡ್. ಬ್ರೌಸರ್ ತಾನು ಉಳಿಸಿಟ್ಟುಕೊಂಡ, ಅಂದರೆ ಕ್ಯಾಶ್‌ನಲ್ಲಿರುವ, ಹಳೇ ಫೈಲುಗಳನ್ನು ಬಿಟ್ಟು ಪುಟವನ್ನು ಹೊಸದಾಗಿ ತರುತ್ತದೆ. ಬಟನ್ ಒತ್ತಿದರೆ ಏನೂ ಆಗದ, ಅಕ್ಷರ ಚೆಲ್ಲಾಪಿಲ್ಲಿಯಾದ ಪುಟಗಳು ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತವೆ.

ಆಗಲಿಲ್ಲವಾ? ಪ್ರೈವೇಟ್ ವಿಂಡೋದಲ್ಲಿ ತೆರೆಯಿರಿ. ಇದು ಬರೀ ಗುಟ್ಟಾಗಿ ನೋಡುವುದಕ್ಕೆ ಇರುವ ಕಿಟಕಿಯಲ್ಲ, ಒಳ್ಳೆಯ ತಪಾಸಣಾ ಸಾಧನ. ಅಲ್ಲಿ ಹಳೇ ಕುಕಿಗಳು ಇರುವುದಿಲ್ಲ, ನೀವು ಬೇರೆಯಾಗಿ ಅನುಮತಿ ಕೊಡದ ಎಕ್ಸ್‌ಟೆನ್ಶನ್‌ಗಳೂ ಓಡುವುದಿಲ್ಲ. ಅಲ್ಲಿ ಸೈಟ್ ಸರಿಯಾಗಿ ಬಂದರೆ ಕಳ್ಳ ಇಬ್ಬರಲ್ಲಿ ಒಬ್ಬ: ಕುಕಿ ಅಥವಾ ಎಕ್ಸ್‌ಟೆನ್ಶನ್.

ಮೊದಲು ಕುಕಿ. ಅಡ್ರೆಸ್ ಬಾರಿನ ಎಡಗಡೆ ಇರುವ ಚಿಹ್ನೆ ಒತ್ತಿ, ಆ ಒಂದು ಸೈಟಿನ ಡೇಟಾ ಮಾತ್ರ ಅಳಿಸಿ. 'ಎಲ್ಲ ಕುಕಿ, ಎಲ್ಲ ಕ್ಯಾಶ್ ಅಳಿಸಿ' ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದನ್ನು ಪಾಲಿಸಿದರೆ ಎಲ್ಲ ಸೈಟುಗಳಿಂದಲೂ ಲಾಗೌಟ್ ಆಗಿ ಇನ್ನೊಂದು ತಲೆನೋವು ಶುರುವಾಗುತ್ತದೆ. ಒಂದು ಸೈಟಿಗಾಗಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಆಮೇಲೆ ಎಕ್ಸ್‌ಟೆನ್ಶನ್. ಜಾಹೀರಾತು ತಡೆಯುವಂಥದ್ದೇ ಮೊದಲ ಅನುಮಾನಿತ. ಆ ಸೈಟಿಗೆ ಮಾತ್ರ ಅದನ್ನು ಆಫ್ ಮಾಡಿ. ಫೈರ್‌ಫಾಕ್ಸ್, ಬ್ರೇವ್‌ಗಳಲ್ಲಿ ಅಡ್ರೆಸ್ ಬಾರಿನಲ್ಲೇ ಗುರಾಣಿ ಅಥವಾ ಸಿಂಹದ ಚಿಹ್ನೆ ಇರುತ್ತದೆ, ಅದೂ ನಿಮ್ಮ ಓಡಾಟವನ್ನು ಗಮನಿಸುವ ಟ್ರ್ಯಾಕರ್‌ಗಳನ್ನು ತಡೆಯುತ್ತದೆ, ಅದನ್ನೂ ಆಫ್ ಮಾಡಿ ನೋಡಿ. ಎಕ್ಸ್‌ಟೆನ್ಶನ್ ತುಂಬಾ ಇದ್ದರೆ ಒಂದೊಂದಾಗಿ ಪರೀಕ್ಷಿಸಬೇಡಿ. ಅರ್ಧಕ್ಕರ್ಧ ಆಫ್ ಮಾಡಿ. ಸರಿಹೋದರೆ ದೋಷ ಆಫ್ ಮಾಡಿದ ಅರ್ಧದಲ್ಲಿದೆ, ಅದನ್ನು ಮತ್ತೆ ಅರ್ಧ ಮಾಡಿ. ಹದಿನಾರು ಇದ್ದರೂ ನಾಲ್ಕೇ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ.

ತೆರೆಯುವುದೇ ಇಲ್ಲ, ತೆರೆದರೂ ನೇತಾಡುತ್ತದೆ

ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ, ಅಥವಾ 'ಈಗಾಗಲೇ ಓಡುತ್ತಿದೆ' ಎಂದು ಹೇಳುತ್ತದೆ. ಹಳೇ ಪ್ರಕ್ರಿಯೆ ಹಿಂದೆ ಸಿಕ್ಕಿಕೊಂಡಿದೆ ಅಂತ ಅರ್ಥ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್ ತೆರೆದು ಆ ಬ್ರೌಸರಿನ ಹೆಸರಿರುವ ಎಲ್ಲವನ್ನೂ ಮುಗಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೂ ಅದೇ ಫಲ. ಲಿನಕ್ಸ್‌ನಲ್ಲಿ ಆದರೆ ಟರ್ಮಿನಲ್‌ನಿಂದ ಬ್ರೌಸರ್ ಶುರು ಮಾಡಿ. ಐಕಾನ್ ಒತ್ತಿದಾಗ ಕಾಣದ ದೂರು ಅಲ್ಲಿ ಅಕ್ಷರವಾಗಿ ಕಾಣುತ್ತದೆ.

ಡಿಸ್ಕಿನಲ್ಲಿ ಜಾಗ ಇದೆಯಾ? ಕೇಳಲು ಸಣ್ಣ ಪ್ರಶ್ನೆ. ಆದರೆ ಬ್ರೌಸರ್ ಸದಾ ಏನಾದರೂ ಬರೆಯುತ್ತಲೇ ಇರುತ್ತದೆ. ಡಿಸ್ಕ್ ತುಂಬಿದರೆ ಪ್ರೊಫೈಲಿನ ಫೈಲುಗಳು ಅರ್ಧಂಬರ್ಧ ಬರೆದು ನಿಲ್ಲಬಹುದು. ಬುಕ್‌ಮಾರ್ಕ್ ಉಳಿಯುತ್ತಿಲ್ಲ, ಸೆಟ್ಟಿಂಗ್ಸ್ ಪ್ರತಿ ಸಲ ಮೊದಲಿನಂತಾಗುತ್ತದೆ ಎಂಬ ದೂರುಗಳಿದ್ದರೆ ಇದನ್ನು ಮೊದಲೇ ನೋಡಿ.

ತೆರೆಯುತ್ತದೆ, ಆದರೆ ಪರದೆ ಕಪ್ಪು ಅಥವಾ ಬಿಳಿ. ಚಿತ್ರ ನಡುಗುತ್ತದೆ, ವಿಡಿಯೋ ಹಸಿರಾಗಿ ಕಾಣುತ್ತದೆ. ಇಂಥವೆಲ್ಲ ಬಹುತೇಕ ಗ್ರಾಫಿಕ್ಸ್ ಡ್ರೈವರ್ ಮತ್ತು ಬ್ರೌಸರ್ ನಡುವಿನ ಜಗಳ. ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ 'ಗ್ರಾಫಿಕ್ಸ್ ಆ್ಯಕ್ಸೆಲರೇಶನ್' ಆಫ್ ಮಾಡಿ ಬ್ರೌಸರ್ ಮತ್ತೆ ಶುರು ಮಾಡಿ. ಸರಿಹೋದರೆ ಖುಷಿಪಟ್ಟು ಅಲ್ಲಿಗೇ ಬಿಡಬೇಡಿ. ಹಾಗೇ ಬಿಟ್ಟರೆ ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವೆಲ್ಲ ಮುಖ್ಯ ಪ್ರೊಸೆಸರಿನ ತಲೆಗೆ ಬೀಳುತ್ತದೆ. ವಿಡಿಯೋ ನೋಡುವಾಗ ಫ್ಯಾನ್ ಕೂಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ ನೋಡಿ.

ಫೈರ್‌ಫಾಕ್ಸ್‌ನಲ್ಲಿ ಇದಕ್ಕೆಲ್ಲ ಒಂದು ಒಳ್ಳೆಯ ಅಡ್ಡದಾರಿ ಇದೆ: ಟ್ರಬಲ್‌ಶೂಟ್ ಮೋಡ್. ಶಿಫ್ಟ್ ಕೀಲಿ ಒತ್ತಿ ಹಿಡಿದು ಶುರು ಮಾಡಿ, ಮ್ಯಾಕ್‌ನಲ್ಲಿ ಆಪ್ಶನ್ ಕೀಲಿ. ಎಕ್ಸ್‌ಟೆನ್ಶನ್, ಥೀಮ್, ಗ್ರಾಫಿಕ್ಸ್ ಆ್ಯಕ್ಸೆಲರೇಶನ್ ಎಲ್ಲ ಆ ಒಂದು ಸಲಕ್ಕೆ ನಿಲ್ಲುತ್ತವೆ, ಏನೂ ಅಳಿಯುವುದಿಲ್ಲ. ಕ್ರೋಮ್‌ನಲ್ಲಿ ಇಂಥ ಮೋಡ್ ಇಲ್ಲ. ಅಲ್ಲಿ ಗೆಸ್ಟ್ ವಿಂಡೋ ತೆರೆಯಿರಿ, ಅದು ನಿಮ್ಮ ಪ್ರೊಫೈಲನ್ನು ಮುಟ್ಟದೆ ಓಡುತ್ತದೆ.

ಬರೀ ನಿಧಾನ ಎಂಬ ದೂರಿಗೆ: ಕ್ರೋಮ್‌ಗೆ ತನ್ನದೇ ಟಾಸ್ಕ್ ಮ್ಯಾನೇಜರ್ ಇದೆ. ವಿಂಡೋಸ್, ಲಿನಕ್ಸ್‌ಗಳಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ಕಾಣುತ್ತದೆ.

ಹೊಸ ಪ್ರೊಫೈಲಿನ ಪರೀಕ್ಷೆ

ಇಲ್ಲಿಯವರೆಗೂ ಬಗೆಹರಿಯದಿದ್ದರೆ ಹೊಸ, ಖಾಲಿ ಪ್ರೊಫೈಲ್ ಮಾಡಿ ನೋಡುವುದೇ ನಿಜವಾದ ಪರೀಕ್ಷೆ. ನನ್ನ ಲೆಕ್ಕದಲ್ಲಿ ಈ ಇಡೀ ಬರಹದಲ್ಲಿ ನೆನಪಿಡಬೇಕಾದ್ದು ಇದೊಂದೇ.

ಫೈರ್‌ಫಾಕ್ಸ್‌ನಲ್ಲಿ:

1. ಅಡ್ರೆಸ್ ಬಾರಿನಲ್ಲಿ ಅಬೌಟ್, ಕೋಲನ್, ಪ್ರೊಫೈಲ್ಸ್ ಎಂದು ಸ್ಪೇಸ್ ಇಲ್ಲದೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ.
2. ಹೊಸ ಪ್ರೊಫೈಲ್ ಮಾಡುವ ಬಟನ್ ಒತ್ತಿ, ಏನಾದರೂ ಹೆಸರು ಕೊಡಿ.
3. ಅದನ್ನು ಹೊಸ ವಿಂಡೋದಲ್ಲಿ ತೆರೆದು, ತೊಂದರೆ ಕೊಡುತ್ತಿದ್ದ ಕೆಲಸವನ್ನೇ ಮಾಡಿ ನೋಡಿ.

ಕ್ರೋಮ್ ಮತ್ತು ಅದರ ಬಳಗದಲ್ಲಿ ಬಲ ಮೂಲೆಯ ಪ್ರೊಫೈಲ್ ಚಿತ್ರ ಒತ್ತಿ ಹೊಸ ಪ್ರೊಫೈಲ್ ಸೇರಿಸಬಹುದು. ಬ್ರೌಸರ್ ತೆರೆಯುವುದೇ ಇಲ್ಲ ಅಂತಾದರೆ ಅದನ್ನು ಪೂರ್ತಿ ಮುಚ್ಚಿ, ಡೇಟಾ ಫೋಲ್ಡರಿನ ಒಳಗಿರುವ 'ಡಿಫಾಲ್ಟ್' ಎಂಬ ಫೋಲ್ಡರಿಗೆ ಬೇರೆ ಹೆಸರಿಡಿ. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಮತ್ತೆ ಶುರು ಮಾಡಿದಾಗ ಬ್ರೌಸರ್ ಹೊಸದೊಂದನ್ನು ಮಾಡಿಕೊಳ್ಳುತ್ತದೆ.

ಹೊಸ ಪ್ರೊಫೈಲಿನಲ್ಲೂ ತೊಂದರೆ ಹಾಗೇ ಇದ್ದರೆ ದೋಷ ಪ್ರೋಗ್ರಾಮಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ. ಮರು ಇನ್‌ಸ್ಟಾಲ್ ಮಾಡುವ ಹೊತ್ತು ಈಗ ಬಂತು. ಸರಿಯಾಗಿ ಓಡಿದರೆ ಹಳೇ ಪ್ರೊಫೈಲ್ ಕೆಟ್ಟಿದೆ ಎಂದಾಯಿತು. ಆಗ ಫೈರ್‌ಫಾಕ್ಸ್‌ನಲ್ಲಿ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟಕ್ಕೆ ಹೋಗಿ 'ರಿಫ್ರೆಶ್ ಫೈರ್‌ಫಾಕ್ಸ್' ಒತ್ತಿ. ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ, ಕುಕಿ ಉಳಿಯುತ್ತವೆ. ಎಕ್ಸ್‌ಟೆನ್ಶನ್ ಮತ್ತು ನೀವು ಬದಲಿಸಿದ ಸೆಟ್ಟಿಂಗ್ಸ್ ಹೋಗುತ್ತವೆ. ಹಳೇ ಪ್ರೊಫೈಲ್ ಡೆಸ್ಕ್‌ಟಾಪಿನಲ್ಲಿ ಒಂದು ಫೋಲ್ಡರಾಗಿ ಬಂದು ಕೂರುತ್ತದೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್ ರೀಸೆಟ್ ಮಾಡಬಹುದು. ಅಲ್ಲಿ ಎಕ್ಸ್‌ಟೆನ್ಶನ್‌ಗಳು ಆಫ್ ಆಗುತ್ತವೆ, ಕುಕಿ ಅಳಿಯುತ್ತದೆ, ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್ ಉಳಿಯುತ್ತವೆ.

ಕೈಯಿಂದಲೇ ಸಾಗಿಸಬೇಕಾದ ಪರಿಸ್ಥಿತಿ ಬಂದರೆ, ಫೈರ್‌ಫಾಕ್ಸ್‌ನ ಬುಕ್‌ಮಾರ್ಕ್ ಮತ್ತು ಹಿಸ್ಟರಿ 'ಪ್ಲೇಸಸ್ ಡಾಟ್ ಎಸ್‌ಕ್ಯೂಲೈಟ್' ಎಂಬ ಫೈಲಿನಲ್ಲಿ ಇರುತ್ತವೆ. ಪಾಸ್‌ವರ್ಡ್‌ಗಳಿಗೆ 'ಲಾಗಿನ್ಸ್ ಡಾಟ್ ಜೇಸನ್' ಮತ್ತು 'ಕೀ4 ಡಾಟ್ ಡಿಬಿ' ಎರಡೂ ಬೇಕು. ಒಂದರಲ್ಲಿ ಬೀಗ, ಇನ್ನೊಂದರಲ್ಲಿ ಕೀಲಿ. ಒಂದನ್ನೇ ತಂದರೆ ಪ್ರಯೋಜನವಿಲ್ಲ. ವಿಂಡೋಸ್‌ನ ಕ್ರೋಮ್‌ನಲ್ಲಿ ಪಾಸ್‌ವರ್ಡ್‌ಗಳು ಆ ಕಂಪ್ಯೂಟರಿನ ನಿಮ್ಮ ಲಾಗಿನ್‌ಗೆ ಕಟ್ಟಿಹಾಕಿಕೊಂಡಿರುತ್ತವೆ. ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಬೇರೆ ಕಂಪ್ಯೂಟರಿಗೆ ಒಯ್ದರೆ ಬುಕ್‌ಮಾರ್ಕ್ ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ.

'ನನ್ನದು ಸಿಂಕ್ ಆಗಿದೆ, ಚಿಂತೆಯಿಲ್ಲ' ಅನ್ನುವವರಿಗೆ: ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇಲ್ಲಿ ಅಳಿಸಿದ್ದು ಸಿಂಕ್ ಆದ ಬೇರೆ ಸಾಧನಗಳಲ್ಲೂ ಅಳಿಯುತ್ತದೆ. ಬುಕ್‌ಮಾರ್ಕ್‌ಗಳನ್ನು ಎಚ್‌ಟಿಎಂಎಲ್ ಫೈಲಾಗಿ ಆಗಾಗ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಹಳೇ ಆವೃತ್ತಿಗೆ ಇಳಿಯುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಹೊಸ ಆವೃತ್ತಿ ಒಮ್ಮೆ ಬಳಸಿದ ಪ್ರೊಫೈಲನ್ನು ಹಳೇ ಫೈರ್‌ಫಾಕ್ಸ್ ತೆರೆಯುವುದಿಲ್ಲ. 2019ರ 67ನೇ ಆವೃತ್ತಿಯಿಂದ ಈ ತಡೆ ಇದೆ. ಸುರಕ್ಷತೆಯ ದೃಷ್ಟಿಯಿಂದಲೂ ಹಿಂದಕ್ಕೆ ಹೋಗುವುದು ಒಳ್ಳೆಯದಲ್ಲ.

ಕೆಲವೊಮ್ಮೆ ತಪ್ಪು ನಿಮ್ಮದಲ್ಲ

2019ರ ಮೇ 4ರಂದು ಜಗತ್ತಿನಾದ್ಯಂತ ಫೈರ್‌ಫಾಕ್ಸ್‌ನ ಆ್ಯಡ್‌ಆನ್‌ಗಳು, ಅಂದರೆ ಎಕ್ಸ್‌ಟೆನ್ಶನ್‌ನಂಥವು, ಏಕಾಏಕಿ ಆಫ್ ಆದವು. ಅವುಗಳಿಗೆ ಸಹಿ ಹಾಕಲು ಬಳಸುತ್ತಿದ್ದ ಒಂದು ಸರ್ಟಿಫಿಕೇಟಿನ ಅವಧಿ ಮುಗಿದಿತ್ತು, ನವೀಕರಿಸುವುದು ಮರೆತುಹೋಗಿತ್ತು. ಆ್ಯಡ್‌ಆನ್ ಅಳಿಸಿ ಮತ್ತೆ ಹಾಕಬೇಡಿ, ಅದರೊಳಗಿನ ಡೇಟಾ ಹೋಗುತ್ತದೆ ಎಂದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಎಚ್ಚರಿಸಬೇಕಾಯಿತು. 2022ರ ಜನವರಿ 13ರಂದು ಅದೇ ಫೈರ್‌ಫಾಕ್ಸ್ ಎಲ್ಲ ಕಡೆ ಸ್ತಬ್ಧವಾಯಿತು. ಸರ್ವರ್ ಕಡೆಯ ಒಂದು ಬದಲಾವಣೆ, ಸೈಟುಗಳ ಜೊತೆ ಮಾತಾಡುವ ಹೊಸ ವಿಧಾನವಾದ ಎಚ್‌ಟಿಟಿಪಿ 3ರ ಕೋಡಿನಲ್ಲಿ ಅಡಗಿದ್ದ ದೋಷವನ್ನು ಎಬ್ಬಿಸಿತ್ತು. ಬ್ರೌಸರ್ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡಿತ್ತು. ಆ ದಿನ ಮರು ಇನ್‌ಸ್ಟಾಲ್ ಮಾಡಿದವರ ಶ್ರಮ ವ್ಯರ್ಥ. 2021ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್‌ಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದದ್ದಕ್ಕೆ ಕಾರಣ ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ, ಸಿಸ್ಟಮ್ ವೆಬ್‌ವ್ಯೂ ಎಂಬ ಬ್ರೌಸರ್ ಭಾಗ. ಅದರ ಅಪ್‌ಡೇಟ್ ಬಂದ ಮೇಲೆ ಸರಿಹೋಯಿತು.

ನಿನ್ನೆ ಸರಿಯಿತ್ತು, ಇವತ್ತು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಒಂದೇ ರೀತಿ ಕೆಟ್ಟಿದೆ ಅಂದರೆ ಇಂಥದ್ದೇ ಇರಬಹುದು. ಏನನ್ನೂ ಅಳಿಸಬೇಡಿ. ಬೇರೆ ಬ್ರೌಸರಿನಲ್ಲಿ ಕೆಲಸ ಮುಂದುವರಿಸಿ, ಅಪ್‌ಡೇಟ್ ಬರುವವರೆಗೆ ಕಾಯಿರಿ.

ರಿಪೇರಿಗೆ ಅರ್ಥವಿಲ್ಲದ ಹಂತ

ಆಪರೇಟಿಂಗ್ ಸಿಸ್ಟಮ್ ತೀರಾ ಹಳೆಯದಾದರೆ ಹೊಸ ಬ್ರೌಸರ್ ಬರುವುದೇ ಇಲ್ಲ. ವಿಂಡೋಸ್ 7, 8.1ರಲ್ಲಿ ಓಡುವ ಕೊನೆಯ ಕ್ರೋಮ್ 109, ಅದು ಬಂದದ್ದು 2023ರ ಜನವರಿಯಲ್ಲಿ. ಫೈರ್‌ಫಾಕ್ಸ್‌ನಲ್ಲಿ 115ರ ಇಎಸ್‌ಆರ್, ಅಂದರೆ ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಆವೃತ್ತಿ, ಕೊನೆಯದು. ಹಳೇ ಬ್ರೌಸರ್ ಸುಮ್ಮನೆ ಹಳೆಯದಾಗಿ ಉಳಿಯುವುದಿಲ್ಲ, ಒಳಗಿನ ಸರ್ಟಿಫಿಕೇಟ್‌ಗಳು ಸಾಯುತ್ತಾ ಬರುತ್ತವೆ. 2025ರ ಮಾರ್ಚ್ 14ರಂದು ಉಳಿದವಕ್ಕೆ ಆಧಾರವಾಗಿದ್ದ ಮೊಜಿಲ್ಲಾದ ಒಂದು ರೂಟ್ ಸರ್ಟಿಫಿಕೇಟ್ ಮುಗಿದಾಗ, ಅಪ್‌ಡೇಟ್ ಮಾಡದ ಹಳೇ ಫೈರ್‌ಫಾಕ್ಸ್‌ಗಳಿಗೆ ಆ್ಯಡ್‌ಆನ್‌ಗಳ ತೊಂದರೆ ಕಾದಿತ್ತು. ಕಂಪ್ಯೂಟರ್ ಗಟ್ಟಿಯಿದ್ದರೆ ಅದಕ್ಕೊಂದು ಹಗುರವಾದ ಲಿನಕ್ಸ್ ಹಾಕುವುದು, ಹಳೇ ಬ್ರೌಸರ್ ಜೊತೆ ಗುದ್ದಾಡುವುದಕ್ಕಿಂತ ಮೇಲು.

ಬದಲಿ ಆರಿಸುವಾಗ ಎಂಜಿನ್ ನೋಡಿ

ಎಂಜಿನ್ ಅಂದರೆ ಸೈಟಿನ ಕೋಡನ್ನು ಓದಿ ಪುಟವಾಗಿ ತೋರಿಸುವ ಒಳಭಾಗ. ಬ್ರೌಸರ್‌ಗಳ ಹೆಸರು ಹತ್ತಾರು, ಚಾಲ್ತಿಯಲ್ಲಿರುವ ಮುಖ್ಯ ಎಂಜಿನ್ ಮೂರೇ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಎಲ್ಲವೂ ಗೂಗಲ್‌ನ ಮುಕ್ತ ಕೋಡ್ ಆದ ಕ್ರೋಮಿಯಂ ಆಧಾರಿತ, ಒಳಗಿರುವ ಎಂಜಿನ್ ಬ್ಲಿಂಕ್. ಫೈರ್‌ಫಾಕ್ಸ್‌ದು ಗೆಕೊ. ಸಫಾರಿಯದ್ದು ವೆಬ್‌ಕಿಟ್. ಬ್ಲಿಂಕ್ ಕೂಡ 2013ರಲ್ಲಿ ವೆಬ್‌ಕಿಟ್‌ನಿಂದ ಕವಲೊಡೆದದ್ದೇ. ಎಡ್ಜ್ 2020ರ ಜನವರಿಯಲ್ಲಿ ಕ್ರೋಮಿಯಂ ಪಾಳಯಕ್ಕೆ ಬಂತು.

ಹಾಗಾಗಿ ಕ್ರೋಮ್ ಕೆಟ್ಟಿತು ಎಂದು ಎಡ್ಜ್‌ಗೆ ಹೋದರೆ ಪ್ರೊಫೈಲ್ ದೋಷ ತಪ್ಪುತ್ತದೆ, ಎಂಜಿನ್ ದೋಷ ತಪ್ಪುವುದಿಲ್ಲ. ಗ್ರಾಫಿಕ್ಸ್ ಜಗಳ ಇದ್ದರೆ ಅಲ್ಲೂ ಅದೇ ಕಪ್ಪು ಪರದೆ ಕಾಣಬಹುದು. ಬದಲಿ ಬ್ರೌಸರ್ ಬೇರೆ ಎಂಜಿನ್‌ನದ್ದು ಇರಲಿ. ಕ್ರೋಮ್ ಬಳಸುವವರು ಫೈರ್‌ಫಾಕ್ಸ್ ಇಟ್ಟುಕೊಳ್ಳಿ, ಫೈರ್‌ಫಾಕ್ಸ್ ಬಳಸುವವರು ಯಾವುದಾದರೂ ಕ್ರೋಮಿಯಂ ಬ್ರೌಸರ್ ಇಟ್ಟುಕೊಳ್ಳಿ. ಅದೂ ಕೆಡುವ ಮುಂಚೆಯೇ. ಇರುವ ಒಂದೇ ಬ್ರೌಸರ್ ಕೆಟ್ಟ ಮೇಲೆ ಇನ್ನೊಂದನ್ನು ಡೌನ್‌ಲೋಡ್ ಮಾಡುವುದು ಯಾವುದರಲ್ಲಿ? ಐಫೋನಿನ ಲೆಕ್ಕ ಬೇರೆ. ಹೆಚ್ಚಿನ ದೇಶಗಳಲ್ಲಿ ಅದಕ್ಕೆ ಯಾವ ಹೆಸರಿನ ಬ್ರೌಸರ್ ಹಾಕಿದರೂ ಒಳಗೆ ವೆಬ್‌ಕಿಟ್ಟೇ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2024ರ ಐಒಎಸ್ 17.4ರಿಂದ ಬೇರೆ ಎಂಜಿನ್‌ಗೆ ಬಾಗಿಲು ತೆರೆಯಿತು.

ಜಾಹೀರಾತು ತಡೆಯುವುದು ನಿಮಗೆ ಮುಖ್ಯವಾದರೆ ಫೈರ್‌ಫಾಕ್ಸ್ ಕಡೆ ಬನ್ನಿ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್‌ನ ಪೂರ್ಣ ರೂಪ ಅಲ್ಲಿ ನಡೆಯುವುದಿಲ್ಲ, ಲೈಟ್ ರೂಪ ಮಾತ್ರ. ಫೈರ್‌ಫಾಕ್ಸ್‌ನಲ್ಲಿ ಪೂರ್ಣ ರೂಪ ನಡೆಯುತ್ತದೆ. ಬ್ರೇವ್‌ನಲ್ಲಿ ತಡೆ ಒಳಗೇ ಇದೆ, ಆದರೆ ಕ್ರಿಪ್ಟೋ ವ್ಯಾಲೆಟ್‌ನಂಥವೂ ಜೊತೆಗೆ ಬರುತ್ತವೆ, ಬೇಡದವರು ಆಫ್ ಮಾಡಿಕೊಳ್ಳಬೇಕು. ಟ್ಯಾಬ್‌ಗಳನ್ನು ನೂರು ರೀತಿ ಜೋಡಿಸುವ ಹುಚ್ಚು ಇದ್ದರೆ ವಿವಾಲ್ಡಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಲದ ಕಚೇರಿ ಸೈಟ್ ಬಳಸಬೇಕಾದರೆ ಎಡ್ಜ್‌ನ ಐಇ ಮೋಡ್. ಟಾರ್ ಬ್ರೌಸರ್ ಗುರುತು ಮರೆಸುವುದಕ್ಕೆ ಒಳ್ಳೆಯದು, ದಿನದ ಕೆಲಸಕ್ಕೆ ನಿಧಾನ.

ಹೆಸರು ಕೇಳದ ಸಣ್ಣ ಬ್ರೌಸರ್ ಇಷ್ಟವಾದರೆ, ಅದರ ಕೊನೆಯ ಅಪ್‌ಡೇಟ್ ಯಾವಾಗ ಬಂತು ಎಂದು ಮೊದಲು ನೋಡಿ. ತಿಂಗಳುಗಟ್ಟಲೆ ಅಪ್‌ಡೇಟ್ ಇಲ್ಲದ ಬ್ರೌಸರ್, ಅದೆಷ್ಟೇ ಚೆಂದ ಇದ್ದರೂ, ಬೇಡ. ಯಾವುದನ್ನೇ ಆಗಲಿ ತಯಾರಕರ ಸೈಟಿನಿಂದ ಅಥವಾ ಆ್ಯಪ್ ಸ್ಟೋರಿನಿಂದ ಮಾತ್ರ ತನ್ನಿ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಕೊಂಡಿಯನ್ನು ನಂಬಬೇಡಿ.

ಸಾಗಣೆ

ಹೊಸ ಬ್ರೌಸರಿನ ಇಂಪೋರ್ಟ್ ಸೌಲಭ್ಯ ಬುಕ್‌ಮಾರ್ಕ್, ಹಿಸ್ಟರಿಯನ್ನು ಸಲೀಸಾಗಿ ತರುತ್ತದೆ. ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಎಂಬ ಸರಳ ಪಟ್ಟಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಇಂಪೋರ್ಟ್ ಮಾಡಬೇಕಾಗಬಹುದು. ಪಾಸ್‌ಕೀಗಳು, ಅಂದರೆ ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ಕೀಲಿಗಳು, ಆ ಫೈಲಿನಲ್ಲಿ ಬರುವುದಿಲ್ಲ, ಅವನ್ನು ಪ್ರತಿ ಸೈಟಿನಲ್ಲಿ ಹೊಸದಾಗಿ ಮಾಡಿಕೊಳ್ಳಿ. ಅತಿ ಮುಖ್ಯವಾದ ಇಮೇಲ್ ಖಾತೆಗೆ ಹೊಸ ಬ್ರೌಸರಿನಿಂದ ಮೊದಲು ಲಾಗಿನ್ ಆಗಿ. ಉಳಿದ ಪಾಸ್‌ವರ್ಡ್ ಮರೆತರೆ ಅದರಿಂದಲೇ ಬಿಡಿಸಿಕೊಳ್ಳಬೇಕು, ಅಲ್ವಾ?

ಡಿಫಾಲ್ಟ್ ಬ್ರೌಸರ್ ಬದಲಿಸುವಾಗ ಪಿಡಿಎಫ್ ಯಾವುದರಲ್ಲಿ ತೆರೆಯುತ್ತದೆ ಎಂಬುದನ್ನೂ ನೋಡಿ, ವಿಂಡೋಸ್‌ನಲ್ಲಿ ಅದು ಬೇರೆ ಸೆಟ್ಟಿಂಗ್. ಹಳೇ ಬ್ರೌಸರನ್ನು ಕೆಲವು ವಾರ ಹಾಗೇ ಇಟ್ಟಿರಿ, ಮರೆತ ಏನೋ ಒಂದು ಅಲ್ಲೇ ಸಿಗುತ್ತದೆ. ಆದರೆ ಆ ಸಿಎಸ್‌ವಿ ಫೈಲನ್ನು ಒಂದು ದಿನವೂ ಇಡಬೇಡಿ. ನಿಮ್ಮ ಎಲ್ಲ ಪಾಸ್‌ವರ್ಡೂ ಅದರಲ್ಲಿ ಯಾರು ಬೇಕಾದರೂ ಓದುವ ಹಾಗೆ ಬಿಚ್ಚಿಟ್ಟಿರುತ್ತವೆ. ಇಂಪೋರ್ಟ್ ಆದ ಕೂಡಲೇ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್ ಕ್ಲೌಡ್‌ಗೆ ಸಿಂಕ್ ಆಗುತ್ತಿದ್ದರೆ ಅಲ್ಲಿನ ಅನುಪಯುಕ್ತ ಡಬ್ಬಿಯಿಂದಲೂ ತೆಗೆದುಹಾಕಿ.